ಮೈಲಪ್ಪನ ಎಮ್ಮೆಯ ಮಾಸು

ಉಚ್ಚಂಗೆವ್ವ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು, ಕರು ಬಂದ ಮೇಲೂ ಬೀಳದೆ ಎಮ್ಮೆಯ ಹಿಂದೆ ಜೋತಾಡುತ್ತಿದ್ದ ಮಾಸನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡಿದ್ದಳು. ಆಗ ಮೊಮ್ಮಗಳು ದೀಪಿಕಾ, "ಆಯಿ, ಬಿಡು" ಎಂದಳು.

ದನಿ ಏರಿಸಿರಲಿಲ್ಲ. ಆದರೂ ಕುಪ್ಪೇಲೂರಿನಲ್ಲಿ ಉಚ್ಚಂಗೆವ್ವನ ಕೈ ತಡೆದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ. ಕೊಟ್ಟಿಗೆಯ ಕಂಬಕ್ಕೆ ಒರಗಿದ್ದ ಮೈಲಪ್ಪ ನೆಟ್ಟಗಾದ. ಎಮ್ಮೆ ಅವನದು. ಬೆಳಿಗ್ಗೆ ಈದು, ಹೆಣ್ಣು ಕರುವನ್ನು ನೆಕ್ಕಿ ಒಣಗಿಸಿ ಎರಡು ತಾಸಾಗಿತ್ತು. ದನದ ಡಾಕ್ಟರು ಬ್ಯಾಡಗಿ ಕಡೆ ಹೋಗಿದ್ದಾರೆ, ಬರುವುದು ಸಂಜೆಯಾದೀತು ಎಂದು ಫೋನಿನಲ್ಲಿ ತಿಳಿದ ಮೇಲೆ ಅವನು ಉಚ್ಚಂಗೆವ್ವನ ಮನೆಗೆ ಓಡಿದ್ದ. ಮಾಸಿಗೆ ಕಟ್ಟಲು ಹಳೆಯ ತೊಗಲ ಕೆರವೊಂದನ್ನೂ ಹುಡುಕಿಟ್ಟಿದ್ದ. ಭಾರಕ್ಕೆ ತಾನಾಗಿ ಇಳಿಯುತ್ತದೆ ಎಂಬುದು ಅವನ ಅಪ್ಪನ ಕಾಲದ ರೂಢಿ.

ಉಚ್ಚಂಗೆವ್ವ ಮೂವತ್ತೈದು ವರ್ಷ ಊರಿನ ಹೆರಿಗೆ ಮಾಡಿಸಿದವಳು. ಆಂಬುಲೆನ್ಸ್ ಬಂದು ಬಸುರಿಯರೆಲ್ಲ ದವಾಖಾನೆಗೆ ಹೋಗತೊಡಗಿದ ಮೇಲೆ ಅವಳ ಪಾಲಿಗೆ ದನಗಳು ಉಳಿದವು. ಅವಳ ಕೈಯಲ್ಲಿ ಒಬ್ಬ ಬಾಣಂತಿಯೂ ಸತ್ತಿರಲಿಲ್ಲ. ಕೂಸು ಬಂದ ಅರ್ಧ ತಾಸಿನಲ್ಲಿ ಮಾಸು ಬೀಳಬೇಕು ಎಂಬುದು ಅವಳ ನೇಮ. ಬಹಳ ಹಿಂದೆ, ಅವಳು ಈ ಕೆಲಸ ಹಿಡಿಯುವ ಮೊದಲು, ಅವಳ ತಂಗಿಯ ಮಾಸು ಬಿದ್ದಿರಲಿಲ್ಲ. ಎಲ್ಲರೂ ಕಾಯೋಣ ಕಾಯೋಣ ಎನ್ನುತ್ತಿರುವಾಗಲೇ ಹಾಸಿದ ಗೋಣಿಚೀಲ ತೊಯ್ದು, ರಕ್ತ ಹೊಸ್ತಿಲಿಗೆ ಹರಿದಿತ್ತು. ಅಂದಿನಿಂದ ಕಾಯುವ ಮಾತು ಅವಳಿಗೆ ಆಗುತ್ತಿರಲಿಲ್ಲ.

"ಯಾಕ ಬಿಡಲಿ?" ಎಂದಳು ಉಚ್ಚಂಗೆವ್ವ. "ನಿಮ್ಮವ್ವನ ಹೊಟ್ಟಿಯಿಂದ ನಿನ್ನ ತಗದ ಕೈ ಇದು. ನಾಕು ಪುಸ್ತಕ ಓದಿ ಇದಕ್ಕ ಕಲಸಾಕ ಬಂದೀಯೇನು?"

ಪಶುವೈದ್ಯಕೀಯದ ಕೊನೆಯ ವರ್ಷದಲ್ಲಿದ್ದ ದೀಪಿಕಾ ರಜೆಗೆ ಬಂದು ನಾಲ್ಕು ದಿನವಾಗಿತ್ತು. "ಹೆಣ್ಣಮಕ್ಕಳಿಗೆ ನಿನ್ನ ನೇಮ ಖರೇನ ಐತಿ ಆಯಿ. ದೊಡ್ಡ ಡಾಕ್ಟರೂ ಅರ್ಧ ತಾಸು ಅಂತಾರ. ಆದ್ರ ಎಮ್ಮಿ ಒಳಗ ಬ್ಯಾರೇನ ಐತಿ."

ಅವಳು ಕಡ್ಡಿಯಿಂದ ಕೊಟ್ಟಿಗೆಯ ಮಣ್ಣಿನಲ್ಲಿ ಗೀರಿದಳು. ಮೊದಲು ಬುಡ ಮೇಲಾದ ಪೇರಲ ಹಣ್ಣು. ಅದು ಹೆಂಗಸಿನ ಗರ್ಭಕೋಶ. ಪಕ್ಕದಲ್ಲಿ ಸುರುಳಿ ಕೋಡಿನ ಟಗರಿನ ತಲೆ, ಅದು ಎಮ್ಮೆಯದು. ಕರು ಬೆಳೆಯುವುದು ಆ ಕೋಡೊಂದರಲ್ಲಿ ಎಂದಳು. ಹೆಂಗಸಿನ ಮಾಸು ರೊಟ್ಟಿಯ ಹಾಗೆ ಒಂದೇ ಕಡೆ ಅಂಟಿರುತ್ತದೆ, ಬಿಟ್ಟರೆ ಇಡಿಯಾಗಿ ಬಿಡುತ್ತದೆ. ಎಮ್ಮೆಯದು ಅಂಗಿಗೆ ಗುಂಡಿ ಹಾಕಿದ ಹಾಗೆ ಎಂಬತ್ತು, ನೂರು ಕಡೆ ಹಿಡಿದುಕೊಂಡಿರುತ್ತದೆ. ಅವೆಲ್ಲ ಬಿಚ್ಚಿಕೊಳ್ಳಲು ಅರ್ಧ ದಿನವೂ ಹಿಡಿಯಬಹುದು. ಮೈಲಪ್ಪನ ಹೆಂಡತಿ ಭರಮವ್ವ ಟಗರನ್ನು ನೋಡಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು.

"ಗುಂಡಿ ಬಿಚ್ಚದ ಜಂಪರ ಜಗ್ಗಿದ್ರ ಏನಾಕ್ಕೈತಿ? ಹರೀತೈತಿ. ಇಲ್ಲಾಂದ್ರ ಗರ್ಭಕೋಶನ ಹೊರಗ ಬರತೈತಿ" ಎಂದಳು ದೀಪಿಕಾ.

ಉಚ್ಚಂಗೆವ್ವನ ಕೈಯಲ್ಲಿ ಎರಡು ಎಮ್ಮೆಗಳು ಹಾಗೆಯೇ ಸತ್ತಿದ್ದವು. ಊರು ಅದನ್ನು ದೃಷ್ಟಿ ಎಂದಿತ್ತು, ಅವಳೂ ಹಾಗೆಂದೇ ನಂಬಿದ್ದಳು.

ಮೈಲಪ್ಪ ಹಿರಿಯಳ ಮುಖ ನೋಡಿದ, ಹುಡುಗಿಯ ಮುಖ ನೋಡಿದ. "ನೀ ಹೆಂಗಂತೀ ಹಂಗ, ದೊಡ್ಡವ್ವ" ಎಂದ.

ಉಚ್ಚಂಗೆವ್ವ ಬಗ್ಗಿ ಎಮ್ಮೆಯ ಹಿಂಗಾಲುಗಳ ನಡುವಿನ ಹುಲ್ಲನ್ನು ಸರಿಸಿದಳು. ಅಡಿಯ ಮಣ್ಣನ್ನು ಬೆರಳಿಂದ ಒತ್ತಿ ನೋಡಿದಳು. ನೀರು, ಲೋಳೆ, ಎಲ್ಲೋ ಎಳೆಯಷ್ಟು ಕೆಂಪು. ಎರಡು ತಾಸಾದರೂ ಹರಿಯುವ ರಕ್ತವಿಲ್ಲ. ಇಷ್ಟು ವರ್ಷ ಅವಳು ಇದನ್ನು ನೋಡಿರಲಿಲ್ಲ. ನೋಡುವ ಮೊದಲೇ ಜಗ್ಗುತ್ತಿದ್ದಳು.

"ಹೆಣ್ಣಮಗಳಾಗಿದ್ರ ಇಷ್ಟೊತ್ತಿಗೆ..." ಎಂದು ನಿಲ್ಲಿಸಿ, ಕೈಗೆ ಸುತ್ತಿದ್ದನ್ನು ನಿಧಾನವಾಗಿ ಬಿಚ್ಚಿದಳು. "ಮೈಲಪ್ಪ, ಆ ಕೆರ ಒಯ್ದು ಒಗಿ. ನಮ್ಮ ಹುಡುಗಿ ಹೇಳಿದಂಗ ಆಗಲಿ. ಏನರ ಆದ್ರ ನನ್ನ ಕೇಳು, ಅಕಿನ್ನ ಕೇಳಬ್ಯಾಡ."

ದೀಪಿಕಾ ಕರುವನ್ನು ಮೊಲೆಗೆ ಬಿಟ್ಟಳು. ಉಚ್ಚಂಗೆವ್ವ ಅಲ್ಲೇ ಎಲೆಅಡಿಕೆ ಹಾಕಿಕೊಂಡು ಕುಳಿತಳು. ಓಣಿಯವರು ಬಂದರು. ಇನ್ನೂ ತೆಗೆದಿಲ್ಲವೇ, ಕೈಗೆ ವಯಸ್ಸಾಯಿತೇ ಎಂದು ಕೆಣಕಿ ಹೋದರು. ಅವಳು ಅಲ್ಲಾಡಲಿಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಎಮ್ಮೆ ಬೆನ್ನು ಬಾಗಿಸಿ ಒಮ್ಮೆ ತಿಣುಕಿತು. ಮಾಸು ತಾನಾಗಿ ಜಾರಿ ಹುಲ್ಲಿನ ಮೇಲೆ ಬಿತ್ತು.

ಬಾಣಂತಿಯರ ಮಾಸನ್ನು ಹರಡಿ, ಚೂರೇನಾದರೂ ಒಳಗುಳಿಯಿತೇ ಎಂದು ನೋಡುತ್ತಿದ್ದ ಹಾಗೆಯೇ ಉಚ್ಚಂಗೆವ್ವ ಇದನ್ನೂ ಹರಡಿದಳು. ಬೆರಳು ಒಂದು ಗುಂಡಿಯಿಂದ ಇನ್ನೊಂದಕ್ಕೆ ಸರಿಯಿತು. ಎಪ್ಪತ್ತು ದಾಟಿದ ಮೇಲೆ ಎಣಿಕೆ ತಪ್ಪಿತು. ಒಂದೂ ಹರಿದಿರಲಿಲ್ಲ.

"ನೋಡ ಭರಮವ್ವ" ಎಂದಳು. "ನಾ ಜಗ್ಗಿದ್ರ ಇದರಾಗಿನ ಅರ್ಧ ಒಳಗ ಉಳೀತಿತ್ತು."

ಎಮ್ಮೆ ತುಂಬ ಹಾಲು ಕೊಡಲೆಂದು ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವುದು ಪದ್ಧತಿ. ಮೈಲಪ್ಪ ಕೈ ಚಾಚಿದ. ಉಚ್ಚಂಗೆವ್ವ ಗಂಟನ್ನು ಮೊಮ್ಮಗಳ ಕೈಗೆ ಕೊಟ್ಟಳು. ಕೆರೆಯ ಬದಿಯ ಆಲಕ್ಕೆ ಹಿತ್ತಲ ದಾರಿಯೇ ಹತ್ತಿರ. ಆದರೆ ಉಚ್ಚಂಗೆವ್ವ ನಾಲ್ಕು ಜನ ಓಡಾಡುವ ಬಸ್ ಸ್ಟ್ಯಾಂಡಿನ ದಾರಿ ತೋರಿಸಿದಳು. ರಾಣೆಬೆನ್ನೂರಿನ ಬಸ್ಸು ಆಗಷ್ಟೇ ಬಂದಿತ್ತು, ಜನ ಇಳಿಯುತ್ತಿದ್ದರು. ದೀಪಿಕಾ ಮುಂದೆ ನಡೆದಳು. ಉಚ್ಚಂಗೆವ್ವ ಸೆರಗು ಸರಿಪಡಿಸಿಕೊಂಡು, ಒಂದು ಹೆಜ್ಜೆ ಹಿಂದೆ, ಅವಸರವಿಲ್ಲದೆ ನಡೆದಳು.