ಬಾಗಿಲು ಹಾಕು, ಬಿಸಿ ಹೋಗುತ್ತೆ

ಸೌನಾ, ಅಂದರೆ ಎಲ್ಲರೂ ಬೆತ್ತಲೆ ಕೂತು ಬೆವರುವ ಉಗಿಸ್ನಾನದ ಕೋಣೆ; ಅದರ ಬಾಗಿಲನ್ನು ಅರೆತೆರೆದು ನಿಲ್ಲುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ನಮ್ಮ ದೋಣಿ ಸಂಘದ ಸೌನಾಕ್ಕೆ ಮೂವತ್ತೊಂದು ವರ್ಷದಿಂದ ಪ್ರತಿ ಶನಿವಾರ ಒಲೆ ಹಚ್ಚುವವನು ನಾನು, ಎಸ್ಕೊ. ಬೆಳಿಗ್ಗೆಯಿಂದ ಸೌದೆ ಒಟ್ಟಿ, ನೀರು ಸುರಿದರೆ ಉಗಿ ಏಳುವಷ್ಟು ಕಲ್ಲು ಕಾಯಿಸಿರುತ್ತೇನೆ. ಯಾವನೋ ಬಂದು ಹೊಸ್ತಿಲ ಮೇಲೆ ನಿಂತು ಮೀನು ಸಿಕ್ಕಿತಾ ಇಲ್ಲವಾ ಎಂದು ಹರಟೆ ಹೊಡೆದರೆ ಮೈ ಉರಿಯದೆ ಇರುತ್ತದೆಯೇ? "ಬಾಗಿಲು ಹಾಕೋ, ಬಿಸಿ ಹೋಗುತ್ತೆ!" ಎಂದು ನಾನು ಗದರುವುದು ಇಡೀ ಊರಿಗೆ ಗೊತ್ತು. ಮಕ್ಕಳು ಕೂಡ ಅಣಕಿಸುತ್ತಾರೆ.

ಯೂಸೊ ನಮ್ಮ ಸಂಘದ ಹುಡುಗ. ಹುಡುಗ ಅಂದರೆ ಇಪ್ಪತ್ತೊಂಬತ್ತು ವರ್ಷ, ನೂರಿಪ್ಪತ್ತು ಕಿಲೊ. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ, ದೋಣಿಯ ಎಂಜಿನ್ನನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ತರುತ್ತಾನೆ. ಅಕ್ಟೋಬರಿನಲ್ಲಿ, ಸರೋವರ ಹೆಪ್ಪುಗಟ್ಟುವ ಮೊದಲು ದೋಣಿಗಳನ್ನು ದಡಕ್ಕೆ ಎಳೆದ ದಿನದ ನಂತರ ಅವನು ಸೌನಾಕ್ಕೆ ಬಂದಿರಲಿಲ್ಲ. ಮಾರ್ಚಿನಲ್ಲಿ ಅಂಗಡಿಯಲ್ಲಿ ಸಿಕ್ಕ. ನಾಲ್ಕು ಜನರ ಮುಂದೆ ನಾನು ಬಾಯಿಬಿಟ್ಟೆ.

"ಏನೋ ಯೂಸೊ, ಹೊಸ ಮದುವಣಗಿತ್ತಿ ಥರ ಆಡ್ತೀಯಲ್ಲ? ನಮ್ಮೆದುರು ಬಟ್ಟೆ ಬಿಚ್ಚೋಕೆ ನಾಚಿಕೆನಾ?"

ಎಲ್ಲರೂ ನಕ್ಕರು. ಯೂಸೊ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟನ್ನು ಅಲ್ಲೇ ಇಟ್ಟು ಹೊರಟುಹೋದ. ಎಲುಬಿಲ್ಲದ ನಾಲಿಗೆ ನನ್ನದು, ಹಾಳಾಗಲಿ.

ಮರುದಿನ ಮಧ್ಯಾಹ್ನ ಅವನು ನನ್ನ ಅಡುಗೆಮನೆಗೆ ಬಂದ. ಕೋಟು ತೆಗೆಯದೆ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ.

"ಹೆಮ್ಮೊ ನನಗೇನು ಮಾಡಿದ ಅಂತ ಪೊಲೀಸಿಗೆ ಹೇಳಿದೀನಿ, ಎಸ್ಕೊ. ಸೌನಾದಲ್ಲಿ, ದೋಣಿ ಎಳೆದ ದಿನ. ಬಲಾತ್ಕಾರ ಅಂತಾನೇ ಬರೆಸಿದೀನಿ."

ಗೊತ್ತಿಲ್ಲದವನಾಗಿದ್ದರೆ ನಾನು "ಏನೋ ಹಾಗಂದ್ರೆ?" ಎಂದು ಹೌಹಾರಬೇಕಿತ್ತು. ನಾನು ಕಾಫಿ ಕಲಕುತ್ತ ಕೂತೆ.

"ಇಷ್ಟು ತಿಂಗಳು ಯಾಕೋ ಸುಮ್ನಿದ್ದೆ?"

"ನನ್ನ ಗಾತ್ರ ನೋಡು. ಯಾರು ನಂಬ್ತಾರೆ? ಪಟ್ಟಣದಲ್ಲಿ ಗುರುವಾರ ಗುರುವಾರ ಒಂದು ಗುಂಪು ಸೇರುತ್ತೆ, ಎಲ್ಲ ಇಂಥದ್ದನ್ನೇ ಅನುಭವಿಸಿದ ಗಂಡಸರು. ಅಲ್ಲೊಬ್ಬ ಮೀನುಗಾರ ಇದಾನೆ, ನನಗಿಂತ ದಪ್ಪ. ಅವನ ಮಾತು ಕೇಳಿದ ಮೇಲೆ ಹೇಳೋ ಧೈರ್ಯ ಬಂತು." ಅವನು ತನ್ನ ಟೋಪಿಯನ್ನು ಹಿಂಡುತ್ತಿದ್ದ. "ನಿನ್ನ ಹೆಸರು ಕೊಟ್ಟಿದೀನಿ. ಬಾಗಿಲು ತೆಗೆದವನು ನೀನೊಬ್ಬನೇ. ನೀನೂ ಹೇಳದಿದ್ರೆ ನನ್ನ ಮಾತು, ಅವನ ಮಾತು, ಅಷ್ಟೆ. ಫೈಲು ಮುಚ್ತಾರಂತೆ."

"ಉಗಿ ತುಂಬಿತ್ತು ಕಣೋ..."

"ಗೊತ್ತು. ನಿನಗೆ ಅರ್ಥ ಆಗಿರಲ್ಲ. ಅದಕ್ಕೆ ನನಗೇನೂ ಕೋಪ ಇಲ್ಲ. ಕಂಡಷ್ಟು ಹೇಳು, ಸಾಕು."

ಅವನು ಹೋದ ಮೇಲೂ ಆ ಸ್ಟೂಲನ್ನು ನೋಡುತ್ತ ಕೂತಿದ್ದೆ. ಹೆಮ್ಮೊ ನಮ್ಮ ಸಂಘದ ಅಧ್ಯಕ್ಷ, ನನ್ನ ವಾರಿಗೆಯವನು. ಸರೋವರದ ಮಂಜುಗಡ್ಡೆ ಒಡೆದು ನಾನು ನೀರಿಗೆ ಬಿದ್ದಾಗ, ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ಎಳೆದು ಹಾಕಿದವನು. ನನ್ನ ಹೆಂಡತಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅಂಥವನ ಮೇಲೆ ನಾನು ಸಾಕ್ಷಿ ಹೇಳುವುದೇ?

ಶನಿವಾರ ಎಂದಿನಂತೆ ಒಲೆ ಹಚ್ಚಿದೆ. ಹೆಮ್ಮೊ ಎಂದಿನಂತೆ ಮೇಲಿನ ಹಲಗೆಯ ಮೂಲೆಯಲ್ಲಿ ಕೂತ. ಸೌನಾದಲ್ಲಿ ಅಧ್ಯಕ್ಷನಿಗೂ ಏಕವಚನವೇ. ಬಟ್ಟೆ ಬಿಚ್ಚಿದ ಮೇಲೆ ಯಾರು ದೊಡ್ಡವರು, ಯಾರು ಚಿಕ್ಕವರು? ವಿಷಯ ಆಗಲೇ ಊರೆಲ್ಲ ಹಬ್ಬಿತ್ತು. ಪೆಂಟಿ, ನಮ್ಮ ಬಡಗಿ, ಬಾಯಿ ತಡೆಯಲಾರದವನು, ಅವನೇ ಶುರುಮಾಡಿದ.

"ಅಲ್ರೋ, ಹೆಮ್ಮೊ ಒಂದು ಹಿಡಿ ಆಳು. ಆ ಗೂಳಿ ಒಂದು ಕೈಲಿ ಎತ್ತಿ ನೀರಿಗೆ ಎಸೀಬಹುದಿತ್ತು. ಗಂಡಸಿಗೆ ಯಾರಾದ್ರೂ ಹಾಗೆ ಮಾಡೋಕಾಗುತ್ತಾ? ಅವನಿಗೂ ಬೇಕಿತ್ತೇನೋ!"

ನಗು. ಹೆಮ್ಮೊ ಮಾತ್ರ ನಗದೆ ಕಲ್ಲಿನ ಮೇಲೆ ನೀರು ಸುರಿದ.

"ಎಸ್ಕೊನ ಕೇಳಿ. ಅವನೇ ಬಾಗಿಲು ತೆಗೆದು ನೋಡಿದ್ದ. ಕುಸ್ತಿ ಆಡ್ತಿದ್ವಿ, ತಮಾಷೆಗೆ. ಅಲ್ವೇನೋ ಎಸ್ಕೊ?"

ಆರು ಜನ ನನ್ನತ್ತ ತಿರುಗಿದರು. ನನ್ನ ತಲೆ ಹೌದೆಂದು ಅಲ್ಲಾಡಿತು. ಥೂ, ಅದು ನನ್ನ ತಲೆಯೇ. ಇನ್ಯಾರ ಮೇಲೆ ಹಾಕಲಿ ಅದನ್ನು?

ಮಂಗಳವಾರ ಪೊಲೀಸ್ ಠಾಣೆಗೆ ಕರೆದರು. ತನಿಖೆಯ ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಂಗಸು. ಕಾಫಿ ಕೊಟ್ಟು, ಕಂಪ್ಯೂಟರಿನ ಮುಂದೆ ಕೂತು, ಆ ದಿನದ್ದನ್ನು ಮೊದಲಿನಿಂದ ಹೇಳಿ ಎಂದಳು.

ಹೇಳಿದೆ. ಮಧ್ಯಾಹ್ನ ಮೂರು ಗಂಟೆ. ಉಳಿದವರೆಲ್ಲ ಹೊರಗೆ ಬೆಂಕಿಯ ಸುತ್ತ ಸಾಸೇಜ್ ಸುಡುತ್ತಿದ್ದರು. ನಾನು ತೋಳಿನ ತುಂಬ ಸೌದೆ ಹಿಡಿದು ಹೋಗಿ ಬಾಗಿಲು ತೆಗೆದೆ. ಯೂಸೊ ಕೆಳಗಿನ ಹಲಗೆಯ ಮೇಲೆ ಬೋರಲಾಗಿದ್ದ. ಹೆಮ್ಮೊ ಅವನ ಮೇಲಿದ್ದ, ಮೊಳಕೈ ಅವನ ಕತ್ತಿನ ಮೇಲೆ.

"ಯೂಸೊ ಏನಾದ್ರೂ ಅಂದ್ರಾ?"

"ನನ್ನ ಹೆಸರು ಕರೆದ. ಎಸ್ಕೊ ಅಂದ. ಎರಡು ಸಲ."

"ಹೆಮ್ಮೊ?"

"ಬಾಗಿಲು ಹಾಕೋ, ಬಿಸಿ ಹೋಗುತ್ತೆ ಅಂದ."

"ನೀವೇನು ಮಾಡಿದ್ರಿ?"

"ಹಾಕಿದೆ."

ಅವಳು ಟೈಪ್ ಮಾಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಒಳಗೇನು ನಡೀತಿದೆ ಅಂತ ನಿಮಗೆ ಆಗ ಅರ್ಥ ಆಗಿತ್ತಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಉತ್ತರವನ್ನು ಯೂಸೊನೇ ನನ್ನ ಕೈಗಿಟ್ಟು ಹೋಗಿದ್ದ.

"ಅರ್ಥ ಆಗಿತ್ತು," ಎಂದೆ. "ಕುಸ್ತಿ ಅಲ್ಲ ಅಂತ ಗೊತ್ತಾಗಿತ್ತು. ಬಾಗಿಲು ಹಾಕಿ ಹೊರಗೆ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಹೋಗಿ ಸಾಸೇಜ್ ತಿಂದೆ."

ಕೀಲಿಮಣೆಯ ಸದ್ದು ನಿಂತಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅವಳ ಮೇಲಲ್ಲ.

"ಅಷ್ಟು ದೊಡ್ಡ ಆಳು ಯಾಕೆ ಕೊಸರಿಕೊಳ್ಳಲಿಲ್ಲ ಅಂತ ಊರೆಲ್ಲ ಕೇಳ್ತಾರೆ. ನನ್ನನ್ನ ಯಾರು ಹಿಡಿದಿದ್ರು? ಕಾಲು ನೆಟ್ಟಗಿತ್ತು, ಕೈಯಲ್ಲಿ ಸೌದೆ ಇತ್ತು, ನಾನೇ ಮರಗಟ್ಟಿ ನಿಂತೆ. ಕತ್ತು ಅದುಮಿಸಿಕೊಂಡು ಬಿದ್ದಿರೋನು ಹೇಗಮ್ಮ ಏಳ್ತಾನೆ? ಇದನ್ನೂ ಬರ್ಕೊಳ್ಳಿ."

ಬರೆದುಕೊಂಡಳು. ಸಹಿ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಗುರುವಾರ ಯೂಸೊನ ಮನೆ ಮುಂದೆ ಕಾರು ನಿಲ್ಲಿಸಿದೆ. ಗುಂಪು ಸೇರುವ ಪಟ್ಟಣಕ್ಕೆ ತೊಂಬತ್ತು ಕಿಲೊಮೀಟರ್, ಬಿಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೆ. ಅವನು ಬಂದು ಪಕ್ಕದ ಸೀಟಿನಲ್ಲಿ ಕೂತ. ಹೊರಡುವ ಮೊದಲೇ ಹೇಳಿಬಿಡಬೇಕಿತ್ತು, ಹೇಳಿದೆ.

"ನನಗೆ ಅರ್ಥ ಆಗಿತ್ತು, ಯೂಸೊ. ಅವತ್ತೇ. ಪೊಲೀಸಿಗೂ ಹಾಗೇ ಹೇಳಿದೀನಿ."

ಅವನು ಕಾರಿನ ಬಾಗಿಲು ತೆಗೆದ. ಬೈಯುತ್ತಾನೆ, ಹೊಡೆಯುತ್ತಾನೆ, ಹೊಡೆಯಲಿ ಎಂದು ಕಾದೆ.

"ನೀನು ಬಾಗಿಲು ತೆಗೆದಾಗ," ಎಂದ ಕೊನೆಗೆ, "ಬದುಕಿಕೊಂಡೆ ಅಂದ್ಕೊಂಡಿದ್ದೆ."

ಅವನು ಇಳಿದು ಹೋಗಲಿಲ್ಲ. ತನ್ನ ಕಡೆಯ ಬಾಗಿಲನ್ನು ಮುಚ್ಚಲೂ ಇಲ್ಲ, ಒಂದು ಕಾಲು ಹೊರಗೆ ಹಿಮದ ಮೇಲಿಟ್ಟು ಹಾಗೇ ಕೂತಿದ್ದ. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿತ್ತು. ನಾನು ಹೀಟರನ್ನು ಪೂರ್ತಿ ತಿರುಗಿಸಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, ಅವನು ಕಾಲು ಒಳಗೆಳೆದುಕೊಳ್ಳುವವರೆಗೆ ಕಾದೆ.