ದೊಡ್ಡಮ್ಮನಿಗಾಗಿ ದೋಣಿಯಲ್ಲೊಂದು ಟಾಯ್ಲೆಟ್

ದೋಣಿಯಲ್ಲಿ ಟಾಯ್ಲೆಟ್ ಮಾಡಿಸಿದಾಗ ದೊಡ್ಡಪ್ಪ ತಮ್ಮ ಶಿವಾಲ ಕೇರಿಯಲ್ಲಿ ಎಲ್ಲರಿಗೂ ಹೇಳಿದ್ದು, ಊರ ಕಡೆಯಿಂದ ಬರುವ ವಯಸ್ಸಾದ ಯಾತ್ರಿಗಳಿಗಾಗಿ ಎಂದು. ಒಬ್ಬರೂ ನಂಬಲಿಲ್ಲ. ಅದು ದೊಡ್ಡಮ್ಮನಿಗಾಗಿ.

ದೊಡ್ಡಮ್ಮ ಅಂಬುಜಾಕ್ಷಿಗೆ ಸಕ್ಕರೆ ಕಾಯಿಲೆ. ಗಳಿಗೆಗೊಮ್ಮೆ ಎದ್ದು ಹೋಗಬೇಕು. ದೊಡ್ಡಪ್ಪ ಶಂಕರನಾರಾಯಣರು ಯಾತ್ರಿಗಳಿಗೆ ದೋಣಿಯಲ್ಲಿ ಪಂಚತೀರ್ಥ ಮಾಡಿಸುವ ಪುರೋಹಿತರು. ಅಸ್ಸಿಯಿಂದ ಆದಿಕೇಶವದವರೆಗೆ ಐದು ಘಾಟ್‌ಗಳಲ್ಲಿ ಇಳಿದು ಹತ್ತುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನಕ್ಕೆ ಹೆದರಿ ದೊಡ್ಡಮ್ಮ ದೋಣಿ ಹತ್ತುವುದನ್ನೇ ಬಿಟ್ಟಿದ್ದಳು. ಗಂಗೆಯ ದಡದಲ್ಲೇ ಮನೆ, ಗಂಡನದೇ ದೋಣಿ, ಆದರೂ ಅವಳದು ಕಿಟಕಿಯಿಂದ ಕೈಬೀಸುವುದಷ್ಟೇ.

ದೋಣಿಯೆಂದರೆ ಬಜಡಾ, ಕೋಣೆ ಛಾವಣಿ ಎಲ್ಲ ಇರುವ ದೊಡ್ಡ ದೋಣಿ. ಎಂಜಿನ್ ಇದೆ. ಜೊತೆಗೆ ದೊಡ್ಡಪ್ಪನ ಹುಚ್ಚಿಗೊಂದು ಹಾಯಿ. ಮೂಡಣ ಗಾಳಿ ಬಂದರೆ ಎಂಜಿನ್ ಆರಿಸಿ ಅದನ್ನು ಎತ್ತಿಸದೆ ಅವರಿಗೆ ಸಮಾಧಾನವಿಲ್ಲ. ಟಾಯ್ಲೆಟ್ ಅಂದರೆ ದೋಣಿಯ ಎಡಕ್ಕೆ ಕಮೋಡು, ಬಲಕ್ಕೆ ಗಲೀಜು ತುಂಬಿಡುವ ಟ್ಯಾಂಕು, ನಡುವೆ ಪೈಪು. ಕೈಪಂಪು ಒತ್ತಿದರೆ ಎಲ್ಲ ಟ್ಯಾಂಕಿಗೆ ಹೋಗಬೇಕು, ಆಮೇಲೆ ದಡದಲ್ಲಿ ಅದನ್ನು ಖಾಲಿ ಮಾಡಿಸಬೇಕು. ಗಂಗೆಗೆ ಒಂದು ಹನಿಯೂ ಬೀಳಬಾರದೆಂದು ದೊಡ್ಡಪ್ಪನ ಹಠ.

ಮೊದಲ ಸಲ ದೊಡ್ಡಮ್ಮ ಒಳ್ಳೆಯ ಸೀರೆ ಉಟ್ಟು ಹೊರಟಳು. ದಶಾಶ್ವಮೇಧ ದಾಟಿದ ಮೇಲೆ ಒಳಗೆ ಹೋದಳು, ಪಂಪು ಒತ್ತಿದಳು, ಎಲ್ಲ ಹೋಯಿತು. ಅಷ್ಟರಲ್ಲಿ ಗಾಳಿ ಹಾಯಿಗೆ ಬಡಿದು ದೋಣಿ ಎಡಕ್ಕೆ ವಾಲಿತು. ಹೋಗಿದ್ದೆಲ್ಲ ವಾಪಸು ಬಂದು ಕಮೋಡಿನ ಅಂಚಿನವರೆಗೆ ನಿಂತಿತು. ಹೊರಗೆ ಹುಬ್ಬಳ್ಳಿಯ ಯಾತ್ರಿಗಳು. ಪಾಪ, ದೊಡ್ಡಮ್ಮ ಮುಂದಿನ ಘಾಟ್ ಸಿಗುವವರೆಗೂ ಬಾಗಿಲನ್ನು ಒಳಗಿನಿಂದ ಹಿಡಿದುಕೊಂಡೇ ನಿಂತಿದ್ದಳಂತೆ.

ಇದನ್ನು ಕೇಳಿದ್ದೇ ತಡ, ನಾನು ಭೇಲೂಪುರದ ರೂಮಿನಿಂದ ದೊಡ್ಡಮ್ಮನ ಮನೆಗೆ ಓಡಿದೆ. ನಾನು ಇಲ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವಳು; ಅದಕ್ಕಿಂತ ಮುಖ್ಯವಾಗಿ, ಹಾಯಿದೋಣಿಯಲ್ಲೇ ಸಂಸಾರ ಹೂಡಿದವರ ವಿಡಿಯೋಗಳನ್ನು ಊಟ ಬಿಟ್ಟು ನೋಡುವವಳು. ಅವರೆಲ್ಲರ ಗೋಳು ಒಂದೇ, ಟಾಯ್ಲೆಟ್ಟು. ‘ಗಂಡಿನ ಕಡೆಯವರು ಬಂದಾಗ ಮಾತ್ರ ಈ ವಿಷಯ ತೆಗೀಬೇಡ ತಾಯಿ’ ಎಂದು ಅಮ್ಮ ಫೋನಿನಲ್ಲಿ ಬೇಡಿಕೊಳ್ಳುವಷ್ಟು ನನಗೆ ಅದರ ಮೇಲೆ ಪ್ರೀತಿ.

“ಭಾನುವಾರ ಇನ್ನೊಂದ್ಸಲ ಬರ್ತೀನಿ ಕಣೇ ವಸು,” ಎಂದಳು ದೊಡ್ಡಮ್ಮ, ನನಗೆ ಸಾರು ಬಡಿಸುತ್ತಾ. “ನಿಮ್ಮ ದೊಡ್ಡಪ್ಪನ ಮುಖ ನೋಡಕ್ಕಾಗಲ್ಲ. ಆದ್ರೆ ಮತ್ತೆ ಹಾಗೇ ಆದ್ರೆ, ಇಬ್ರೂ ನನ್ನನ್ನ ಇನ್ನು ಕರೀಬೇಡಿ.”

ಹೀಗಾಗಿ ಶನಿವಾರವೇ ದೋಣಿಗೆ ಇಳಿದೆ. ಖಾಲಿ ಮಾಡಿ ತೊಳೆದಿಟ್ಟ ಟ್ಯಾಂಕಿಗೆ ನೀರು ತುಂಬಿಸಿ, ಹೋಳಿಯಲ್ಲಿ ಉಳಿದಿದ್ದ ಹಸಿರು ಬಣ್ಣ ಕಲಸಿದೆ.

“ಅರೇ ದೀದಿ, ಕಮೋಡ್ ಜೊತೆ ಹೋಳೀನಾ?” ಎಂದ ಬದರಿ. ದೋಣಿ ನಡೆಸುವವನು ಅವನೇ. ಕನ್ನಡ ಕಲಿತದ್ದು ಯಾತ್ರಿಗಳಿಂದ.

“ನಗಬೇಡ. ನಿನ್ನ ದೋಸ್ತಿಗಳನ್ನ ಕರ್ಕೊಂಬಂದು ಎಡಗಡೆ ನಿಲ್ಲು.”

ನಿಂತರು. ದೋಣಿ ವಾಲಿತು. ಹಸಿರು ನೀರು ಬುಳುಬುಳು ಎಂದು ಕಮೋಡಿಗೆ ಬಂತು. ಪಂಪು ಬಿಚ್ಚಿದೆ. ಒಳಗಿನ ರಬ್ಬರ್ ವಾಲ್ವ್ ನೀರನ್ನು ಹೋಗಲು ಬಿಟ್ಟು ಬರಲು ಬಿಡಬಾರದು. ಇದೋ ಹಳೇ ಮಾಲು, ಸುಣ್ಣದಂತೆ ಗಸಿ ಕಟ್ಟಿ ಬಾಯಿ ಬಿಟ್ಟುಕೊಂಡೇ ಇತ್ತು. ಹೊಸದು ಹಾಕಿದೆ. ಮತ್ತೆ ವಾಲಿಸಿದೆವು. ಈಗ ನಿಧಾನವಾಗಿ ಬಂತು. ಆದರೆ ಬಂತು!

ಪೈಪು ಹಿಡಿದು ಹೋದೆ. ಅದು ನೆಲಕ್ಕೆ ಅಂಟಿದಂತೆ ಕಮೋಡಿನಿಂದ ಟ್ಯಾಂಕಿಗೆ ಸೀದಾ ಮಲಗಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಪ್ಪನ ಕಡೆ ತಿರುಗಿದೆ.

“ದೊಡ್ಡಪ್ಪಾ, ಇದು ಕಮಾನಿನ ಥರ ಮೇಲೆ ಹತ್ತಿ ಇಳೀಬೇಕು, ಟ್ಯಾಂಕಿಗಿಂತ ಎತ್ತರ! ಆಗ ದೋಣಿ ವಾಲಿದ್ರೂ ನೀರು ಆ ಗುಡ್ಡ ಹತ್ತಿ ವಾಪಸ್ ಬರಲ್ಲ. ಯಾಕೆ ಹೀಗೆ ಮಲಗಿಸಿದ್ದೀರಿ?”

ದೊಡ್ಡಪ್ಪ ಸ್ವರ ತಗ್ಗಿಸಿದರು. “ಗೋಡೆ ಆಚೆ ಏನಿದೆ ನೋಡು.”

ನೋಡಿದೆ. ದೇವರ ಗೂಡು. ಅದರಲ್ಲಿ ಸಾಲಿಗ್ರಾಮ.

“ಸಾಲಿಗ್ರಾಮಕ್ಕಿಂತ ಮೇಲೆ ಆ ಪೈಪು ಹೋಗೋದಾ? ನಿಮ್ಮ ದೊಡ್ಡಮ್ಮನ ಮಡಿ ಗೊತ್ತಲ್ಲ. ದೋಣಿ ಹತ್ತೋದಿರ್ಲಿ, ನನ್ನನ್ನ ಮನೆ ಮೆಟ್ಟಿಲು ಹತ್ತಿಸಲ್ಲ. ಅದಕ್ಕೇ ನಾನೇ ನಿಂತು ಕೆಳಗೆ ಹಾಕಿಸ್ದೆ.”

“ದೊಡ್ಡಮ್ಮನ್ನ ಕೇಳಿದ್ರಾ?”

“ಇಂಥದ್ದನ್ನೆಲ್ಲ ಹೆಂಡ್ತಿ ಹತ್ರ ಕೇಳ್ತಾರೇನೇ!”

ನಾನು ಕೇಳಿದೆ. ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ದೊಡ್ಡಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆಮೇಲೆ ಸೊಪ್ಪನ್ನು ಅಲ್ಲೇ ಬಿಟ್ಟು, ಮಂಡಿ ಹಿಡಿದುಕೊಂಡು ಘಾಟಿನ ಮೆಟ್ಟಿಲಿಳಿದು ದೋಣಿಯ ಮುಂದೆ ನಿಂತಳು.

“ಏನ್ರೀ, ದೇವರನ್ನ ಮೇಲೆ ಕೂರ್ಸೋದು ಬಿಟ್ಟು ಪೈಪನ್ನ ಕೆಳಗೆ ಮಲಗ್ಸಿದ್ದೀರಲ್ಲ!”

“ನಿನ್ನ ಮಡಿಗೆ ಹೆದರಿ ಕಣೇ.”

“ಸರಿಹೋಯ್ತು. ಹೆದರಿ ನನ್ನನ್ನ ಆ ಬಾಗಿಲ ಹಿಂದೆ ನಿಲ್ಸಿದ್ರಿ. ಛಾವಣಿ ಮೇಲೆ ಹಾಯಿಮರಕ್ಕೇ ಗೂಡು ಹೊಡೀರಿ. ಕತ್ತಲಲ್ಲಿ ಕೂತಿದ್ದ ದೇವರಿಗೂ ಸ್ವಲ್ಪ ಗಾಳಿ ಆಡ್ಲಿ.”

ದೊಡ್ಡಪ್ಪ ಮಂತ್ರ ಹೇಳಿ, ಕಾಯಿ ಒಡೆದು ದೇವರನ್ನು ಮೇಲೆ ಕರೆದೊಯ್ದರು. ಕೆಳಗೆ ನಾನೂ ಬದರಿಯೂ ಪೈಪನ್ನು ಸೂರಿನ ತನಕ ಏರಿಸಿ, ಬಾಗಿಸಿ, ಟ್ಯಾಂಕಿಗೆ ಇಳಿಸಿದೆವು. ಟ್ಯಾಂಕಿನ ನೀರು ತನ್ನಷ್ಟಕ್ಕೆ ಎಳೆದುಕೊಂಡು ವಾಪಸ್ ಬರದಿರಲೆಂದು ಕಮಾನಿನ ನೆತ್ತಿಗೆ ಗಾಳಿಯಾಡುವ ಸಣ್ಣ ವಾಲ್ವ್ ಕೂರಿಸಿ, ಅದರ ನಳಿಕೆಯನ್ನು ಹೊರಗೆ ಬಿಟ್ಟೆವು. ಉಳಿದದ್ದು ದೊಡ್ಡಮ್ಮನ ಕೆಲಸ. ಎಲ್ಲವೂ ಕಮಾನು ದಾಟುವವರೆಗೆ ಪಂಪು ಒತ್ತಬೇಕು. ಈಚೆ ಉಳಿದದ್ದು ಜಾರಿ ಕಮೋಡಿಗೇ ಬರುತ್ತದೆ.

“ಎಷ್ಟು ಹೊತ್ತು ಒತ್ಲಿ?”

“ಒಂದು ಶ್ಲೋಕ ಹೇಳೋವಷ್ಟು.”

“ಅಲ್ಲಿ ಕೂತು ಶ್ಲೋಕ ಹೇಳ್ತಾರೇನೇ, ಕತ್ತೆ! ಹದಿನಾರರ ಮಗ್ಗಿ ಹೇಳ್ತೀನಿ ಬಿಡು.”

ಭಾನುವಾರ ದಶಾಶ್ವಮೇಧ ದಾಟುತ್ತಲೇ ಗಾಳಿ ಎದ್ದಿತು. ದೊಡ್ಡಮ್ಮನೂ ಎದ್ದಳು.

“ಬದರಿ, ಹಾಯಿ ಇಳಿಸು,” ಎಂದರು ದೊಡ್ಡಪ್ಪ.

“ಇಳಿಸ್ಬೇಡ. ಆಮೇಲೆ ಗಾಳಿ ಇರ್ಲಿಲ್ಲ ಅದಕ್ಕೇ ಸರಿಹೋಯ್ತು ಅಂತೀರಿ,” ಎಂದು ಅವಳು ಒಳಗೆ ಹೋದಳು.

ಮಗ್ಗಿ ಕೇಳಿಸಿತು, ಪಂಪಿನ ಕಿರ್ ಕಿರ್ ಜೊತೆಗೆ. ಮಗ್ಗಿ ಮುಗಿಯಿತು. ದೋಣಿ ಎಡಕ್ಕೆ ವಾಲಿತು, ವಾಲಿಕೊಂಡೇ ಹೋಯಿತು. ಬಾಗಿಲು ತೆರೆಯಲಿಲ್ಲ. ದೊಡ್ಡಪ್ಪ ಸುಮ್ಮನೆ ದರ್ಭೆ ಎಣಿಸತೊಡಗಿದರು.

ಕೊನೆಗೆ ಬಾಗಿಲು ತೆರೆಯಿತು.

“ಯಾಕೇ ಇಷ್ಟು ಹೊತ್ತು?” ದೊಡ್ಡಪ್ಪ ಎದ್ದೇಬಿಟ್ಟಿದ್ದರು.

“ನೋಡ್ತಾ ನಿಂತಿದ್ದೆ, ಬರುತ್ತೇನೋ ಅಂತ,” ಎಂದಳು ದೊಡ್ಡಮ್ಮ. “ಬರ್ಲಿಲ್ಲ ಕಣ್ರೀ.”

ಛಾವಣಿಯ ನೆರಳು ಬಿಟ್ಟು ಬಿಸಿಲಲ್ಲೇ ಅವರ ಪಕ್ಕ ಕೂತಳು. ಆದಿಕೇಶವದಲ್ಲಿ ನಮ್ಮ ಕೈ ಹಿಡಿಯದೆ ಇಳಿದಳು. ತಿರುಗಿ ಬರುವಾಗ ಫ್ಲಾಸ್ಕ್ ತೆಗೆದು ನಮಗೆಲ್ಲ ಕಾಫಿ ಕೊಟ್ಟು, ಸಕ್ಕರೆ ಇಲ್ಲದ್ದನ್ನು ತನ್ನ ದೊಡ್ಡ ಲೋಟದ ತುಂಬ ಬಗ್ಗಿಸಿಕೊಂಡಳು.

“ಅಷ್ಟೊಂದಾ? ಮನೆ ಇನ್ನೂ ದೂರ ಇದೆಯಲ್ಲೇ,” ಎಂದರು ದೊಡ್ಡಪ್ಪ.

“ಯಾಕೆ, ನಿಮ್ಮ ಟಾಯ್ಲೆಟ್ ಮೇಲೆ ನಿಮಗೇ ನಂಬಿಕೆ ಇಲ್ವೇನ್ರೀ?” ಎಂದು ದೊಡ್ಡಮ್ಮ ಲೋಟ ಎತ್ತಿದಳು.