ಪಾಷಾ ಸಾಬರು ಕೂತ ಟ್ರೈಲರು

ಗುತ್ತಿಗೆದಾರ ಶಿವಯ್ಯನ ಟ್ರೈಲರಿಗೆ ಕಬ್ಬು ಹೇರಿ, ಅದರ ಮೇಲೇ ಕೂತು ಮಂಡ್ಯದ ಫ್ಯಾಕ್ಟರಿಗೆ ಹೋಗಿಬರುವ ಕೂಲಿಗಳು ನಾವು. ಮನೆಗೆ ಬಂದರೆ ಬೆನ್ನು ನೆಲಕ್ಕೆ ಇಡಲಾಗುತ್ತಿರಲಿಲ್ಲ. ಟ್ರೈಲರಿನ ಅಚ್ಚು ಬಾಗಿತ್ತು. ಕುಲುಕು ತಡೆಯುವ ಕೆಳಗಿನ ಕಮಾನು ಪಟ್ಟಿಗಳು ಬಿರುಕು ಬಿಟ್ಟಿದ್ದವು. ಲಾರಿ ಮುಂದೆ ಎಳೆದರೆ ಟ್ರೈಲರು ಹಿಂದೆ ಒಂದು ಮಗ್ಗುಲಿಗೆ ವಾಲಿಕೊಂಡು ಬರುತ್ತಿತ್ತು.

"ಯುದ್ದದ ಕಾಲ ಕಣ್ರಲಾ, ಕಬ್ಣ ಎಲ್ಲೈತೆ?" ಅನ್ನುತ್ತಿದ್ದ ಶಿವಯ್ಯ. ಅದೇ ಯುದ್ಧದ ಕಾಲದಲ್ಲಿ ಮಳವಳ್ಳಿ ದಾರಿಗೆ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಅವನ ಹೊಸ ಬಸ್ಸು ಇಳಿಯಿತು! ಮಹಾನುಭಾವ.

ಇನ್ನು ಹತ್ತುವುದಿಲ್ಲ ಎಂದು ನಾವು ಹಟ ಹಿಡಿದೆವು. ಆಗ ಶಿವಯ್ಯನ ಕರೆಗೆ ಮದ್ದೂರಿನ ಮೆಕ್ಯಾನಿಕ್ ಅಫ್ಸರ್ ಪಾಷಾ ಬಂದ. ಟ್ರೈಲರಿನ ಕೆಳಗೆ ಅಂಗಾತ ಮಲಗಿ ಅಚ್ಚಿಗೆ ಕೈವಾರ ಹಿಡಿದ. ಪಟ್ಟಿಯ ಅಗಲ, ದಪ್ಪ, ಈ ತೂತಿನಿಂದ ಆ ತೂತಿಗೆ ಎಷ್ಟು ದೂರ, ಎಲ್ಲ ಅಳೆದ.

"ಇದೇ ಅಳ್ತೆದು ತಂದ್ರೆ ಮತ್ತೆ ಮುರೀತದೆ ಬುದ್ದಿ. ಅಗಲ ಇಷ್ಟೇ ಇರ್ಲಿ, ದಪ್ಪ ಜಾಸ್ತಿ ಬೇಕು. ನೀವು ಹೇರೋದು ಕಬ್ಬು, ಹತ್ತಿಯಲ್ಲ."

"ನೀನೇ ಆರ್ಸ್ಕೊಂಡು ಬಾ ಪಾಷಾ. ನೀನು ನಮ್ಮನೆ ಮಗ ಇದ್ದಂಗೆ," ಅಂದ ಶಿವಯ್ಯ.

ಪಾಷಾ ಬೆಂಗಳೂರಿನ ಗುಜರಿಗಳನ್ನೆಲ್ಲ ಜಾಲಾಡಿ ಗಟ್ಟಿ ಅಚ್ಚು, ದಪ್ಪ ಪಟ್ಟಿಗಳನ್ನು ತಂದು ಕೂರಿಸಿದ. ತಾನು ಕೈಯಿಟ್ಟ ಗಾಡಿಯ ಮೊದಲ ಹೇರಿನ ಮೇಲೆ ತಾನೇ ಕೂರುವುದು ಅವನ ಪದ್ಧತಿ. ಕೂತ. ಮಂಡ್ಯ ಮುಟ್ಟಿಸಿ ಇಳಿದ.

"ಸಾಬ್ರೇ ಕುಂತಿದ್ಮೇಲೆ ನಮ್ಗ್ಯಾಕ್ಲಾ ಭಯ?" ಅಂದ ನಮ್ಮ ಹೊನ್ನಯ್ಯ.

ಶಿವಯ್ಯನಿಗೆ ಬೇಕಾಗಿದ್ದದ್ದು ಇಷ್ಟೇ.

ಮುಂದಿನ ವಾರ ವೈದ್ಯನಾಥಪುರದ ಹತ್ತಿರ ಪಟ್ಟಿ ಮುರಿದು, ಅಚ್ಚು ಜರುಗಿ, ಟ್ರೈಲರು ಮಗುಚಿತು. ಹೊನ್ನಯ್ಯನ ಕಾಲು ಅಡಿಯಲ್ಲಿ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ಕತ್ತರಿಸಿದರು.

"ಸಾಬಿ ಅಳ್ತೆ ತಪ್ದ. ನಾನೇನ್ ಮಾಡ್ಲಿ?" ಎಂದು ಶಿವಯ್ಯ ಊರೆಲ್ಲ ಹೇಳಿಕೊಂಡು ಬಂದ. ನಾವೂ ನಂಬಿದೆವು. ಹೊನ್ನಯ್ಯನ ಹೆಂಡತಿ ಚಿಕ್ಕಬೋರಮ್ಮ ಪಾಷಾನ ಅಂಗಡಿಗೇ ನುಗ್ಗಿದಳು. ನಾವು ಅವಳ ಹಿಂದೆ.

"ನೀನು ಕುಂತೆ ಅಂತ ಅವ್ನೂ ಕುಂತ! ನಿನ್ ಕೈ ಸೇದೋಗ!"

ಪಾಷಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ನಮ್ಮನ್ನೆಲ್ಲ ಕರೆದುಕೊಂಡು ಟ್ರೈಲರು ಬಿದ್ದಿದ್ದ ಜಾಗಕ್ಕೆ ನಡೆದ. ಬಗ್ಗಿ ನೋಡಿದವನು ಮುರಿದ ಪಟ್ಟಿಯೊಂದನ್ನು ಎತ್ತಿ ಹಿಡಿದ.

"ಇವು ನಾನು ಬಿಚ್ಚಿ ಬಿಸಾಕಿದ್ದ ಹಳೇ ಪಟ್ಟಿ ಕಣಮ್ಮ. ಮನೆ ಮಗ ಅಂತ ಅಂದು ನನ್ ಕುತ್ಗೆ ಕುಯ್ದ."

"ಹೊಸವು ಎಲ್ಲೋದ್ವು?" ಅಂದಳು ಚಿಕ್ಕಬೋರಮ್ಮ.

ಆ ಅಗಲದ ಪಟ್ಟಿ ಹಿಡಿಸುವ ಗಾಡಿ ಸುತ್ತಿನಲ್ಲಿ ಇನ್ನೊಂದೇ ಇತ್ತು. ಮದ್ದೂರಿನಲ್ಲಿ ಶಿವಯ್ಯನ ಬಸ್ಸು ಹೊರಡಲು ನಿಂತಿತ್ತು. ಪಾಷಾ ಅದರಡಿ ತೂರಿ, ತಾನೇ ಅರ ಹಾಕಿ ಉಜ್ಜಿ ಟ್ರೈಲರಿಗೆ ಕೂರಿಸಿದ್ದ ಪಟ್ಟಿಗಳನ್ನು ನಮಗೆಲ್ಲ ಮುಟ್ಟಿ ತೋರಿಸಿದ.

ಬಸ್ಸಿನ ಹತ್ತಿರವೇ ನಿಂತಿದ್ದ ಶಿವಯ್ಯನಿಗೆ ನಾಚಿಕೆಯೂ ಆಗಲಿಲ್ಲ. "ನನ್ ಕಬ್ಣ, ನನ್ ಬಸ್ಸು. ಇದ್ರಲ್ಲಿ ದೊಡ್ಡ ಮನ್ಸ್ರು ಕೂರ್ತಾರೆ, ಅವ್ರ ಬೆನ್ನು ನೋಯ್ಬಾರ್ದು. ಕಬ್ಬಿಗೆ ಬೆನ್ನು ನೋಯ್ತದಾ?"

ಕಬ್ಬಿನ ಮೇಲೆ ನಾವಿದ್ದೆವು. ನಾವು ಅವನ ಲೆಕ್ಕದಲ್ಲೇ ಇರಲಿಲ್ಲ.

ಚಿಕ್ಕಬೋರಮ್ಮ ಸೆರಗು ಬಿಗಿದು ಬಸ್ಸಿನ ಮುಂದೆ ಕೂತಳು. ಅವಳ ಪಕ್ಕದಲ್ಲಿ ಪಾಷಾ ಕೂತ. ನಾವೆಲ್ಲ ಕೂತೆವು. ಡ್ರೈವರು ಹಾರನ್ ಒತ್ತಿದ.

"ಏಳಮ್ಮೋ, ಒತ್ತಾಯ್ತು!"

"ನನ್ ಗಂಡನ ಕಾಲು ನಿಮ್ ಬಸ್ಸಿನ ಕೆಳಗೈತೆ. ಬಿಚ್ಚಿ ಕೊಡ್ರಪ್ಪ, ಎದ್ದೋಯ್ತೀನಿ."